ಸೊರ ಮೀನು ಬರುವ ತನಕ

ಮನೆಯಲ್ಲಿ ಹೆರಿಗೆಯಾದ ಮರುದಿನ ಕೇಳಿಬರುವ ಮಾತು ಎಲ್ಲ ಬೀದಿಗಳಲ್ಲೂ ಒಂದೇ. "ಹಾಲು ಇನ್ನೂ ಇಳಿದಿಲ್ಲ."

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿಯ ಹಮೀದಾ ಬೇಗಂ ಮನೆಯಲ್ಲೂ ಅದೇ ಮಾತು ನಡೆದಿತ್ತು. ಮಗಳು ಅಜೀಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ದಿನ ಸೂಲಗಿತ್ತಿಯ ಕೈಯಲ್ಲಿ ಗಂಡು ಮಗು ಹುಟ್ಟಿತ್ತು. ಎದೆಯಲ್ಲಿ ಕಂಡ ಹಳದಿ ಹಾಲನ್ನು ಹಮೀದಾ ಹಿಂಡಿಸಿ ಚೆಲ್ಲಿಸಿದ್ದಳು. ಮಗುವಿಗೆ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ ಚೀಪಿಸುತ್ತಿದ್ದಳು. ಚಿಂತಾಮಣಿಯಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ತಮ್ಮ ದಸ್ತಗಿರನಿಗೆ, ಪಾಲಸೊರ ತೆಗೆದುಕೊಂಡು ಬೇಗ ಬಾ ಎಂದು ಬಸ್ಸಿನವರ ಕೈಲಿ ಹೇಳಿಕಳಿಸಿದ್ದಳು.

ಸೊರ ಎಂದರೆ ಶಾಲೆಯ ಪುಸ್ತಕದಲ್ಲಿ ಶಾರ್ಕ್ ಎಂದು ಬರೆದಿರುವ ಮೀನು. ಅದರಲ್ಲಿ ಬಹಳ ಜಾತಿಗಳಿವೆ. ಒಂದು ಸಣ್ಣ ಜಾತಿಗೆ ಪಾಲಸೊರ, ಅಂದರೆ ಹಾಲು ಸೊರ, ಎನ್ನುತ್ತಾರೆ. ಬಾಣಂತಿಗೆ ಅದನ್ನು ಬೇಯಿಸಿ ಕೊಟ್ಟರೆ ಹಾಲು ಇಳಿಯುತ್ತದೆ ಎಂದು ನಂಬಿಕೆ. ಸೊರ ತಿನ್ನುವ ತನಕ ಮಗುವನ್ನು ಎದೆಗೆ ಹಾಕಲೇಬಾರದು ಎಂಬುದು ಹಮೀದಾ ತಾನಾಗಿ ಸೇರಿಸಿಕೊಂಡಿದ್ದ ಪಥ್ಯ.

ಮಧ್ಯಾಹ್ನದ ಹೊತ್ತಿಗೆ ಆ ಬೀದಿಯ ಆರೋಗ್ಯ ಸಹಾಯಕಿ ಅನಸೂಯಮ್ಮ ಬಂದರು. ಮಗುವನ್ನು ಎತ್ತಿಕೊಂಡು ಬಾಯಿ ನೋಡಿದರು, ಬಟ್ಟೆ ಮುಟ್ಟಿ ನೋಡಿ ಮತ್ತೆ ಮಲಗಿಸಿದರು.

"ಬೆಳಿಗ್ಗೆಯಿಂದ ಅಳುವೇ ಇಲ್ಲ ನರ್ಸಮ್ಮ. ಸಮಾಧಾನವಾಗಿ ಮಲಗ್ಯದೆ" ಎಂದಳು ಹಮೀದಾ.

"ಸಮಾಧಾನ ಅಲ್ಲ ಹಮೀದಮ್ಮ, ಸುಸ್ತು. ಬಾಯಿ ಒಣಗ್ಯದೆ. ಉಚ್ಚೆ ಹೊಯ್ದಿದ್ದು ಯಾವಾಗ?"

"ನಿನ್ನೆ ಸಾಯಂಕಾಲ ಇರಬೇಕು."

"ಹಿಂಗೇ ಬಿಟ್ರೆ ಮಗು ಉಳಿಯಲ್ಲ. ಈಗಲೇ ಎದೆಗೆ ಹಾಕಿ."

"ಬಿಡ್ತು ಅನ್ನಿ! ಬರೀ ಎದೆ ಚೀಪಿ ಏನು ಬರ್ತದೆ? ಬಂದ್ರೂ ಆ ಹಳದಿ ಹಾಲೇ. ಒಳ್ಳೆ ಕೀವು ಇದ್ದಂಗದೆ."

"ಅದು ಗಿಣ್ಣು ಕಣಮ್ಮ. ಹಸು ಕರು ಹಾಕಿದ್ರೆ ಗಿಣ್ಣು ಕೊಡ್ರೀ ಅಂತ ಪಾತ್ರೆ ಹಿಡ್ಕೊಂಡು ಹೋಗ್ತೀರಿ. ಮನೆ ಮಗೂನ ಗಿಣ್ಣು ಚೆಲ್ತೀರಿ. ರೋಗ ತಡೆಯೋ ಶಕ್ತಿ ಎಲ್ಲಾ ಅದರಲ್ಲೇ ಇರೋದು."

ಹಮೀದಾ ಒಪ್ಪಲಿಲ್ಲ. "ಇವಳು ಹುಟ್ಟಿದಾಗ ನನಗೂ ಹಿಂಗೇ ಆಯ್ತು. ಮೂರನೇ ದಿನ ಸೊರ ತಿಂದೆ, ಹಾಲು ಇಳೀತು."

"ನಾನು ಹುಟ್ಟಿದಾಗಿಂದ ಮೀನು ಮುಟ್ಟಿಲ್ಲ. ನನಗೂ ಮೂರನೇ ದಿನಾನೇ ಹಾಲು ತುಂಬ್ಕೊಳ್ತು."

"ನಿಮ್ಮ ಮೈ ಬೇರೆ, ನಮ್ಮ ಮೈ ಬೇರೆ. ಸೊರ ಅಂದ್ರೆ ಸುಮ್ನೆ ಮೀನಲ್ಲ ನರ್ಸಮ್ಮ. ತನ್ನ ಮರಿಗೆ ಹಾಲು ಕುಡಿಸ್ತದೆ ಅದು. ಅದಕ್ಕೇ ಅದನ್ನ ತಿಂದೋರಿಗೆ ಹಾಲು ಬರೋದು."

ಅಷ್ಟರಲ್ಲಿ ಬಾಗಿಲಲ್ಲಿ ಒಣಮೀನಿನ ವಾಸನೆ ಬಂತು. ಹಿಂದೆಯೇ ಕಂಕುಳಲ್ಲಿ ಪೊಟ್ಟಣ ಇಟ್ಟುಕೊಂಡು ದಸ್ತಗಿರ್ ಬಂದ. ಅವನು ವಯಸ್ಸಿನಲ್ಲಿದ್ದಾಗ ಬಹಳ ವರ್ಷ ಮದ್ರಾಸಿನ ಬಂದರಿನಲ್ಲಿ ಮೀನು ಕೊಯ್ಯುವ ಕೆಲಸ ಮಾಡಿದವನು.

"ನೀನೇ ಹೇಳೋ ದಸ್ತಗಿರ್. ಸೊರ ಮರಿಗೆ ಹಾಲು ಕುಡಿಸ್ತದೋ ಇಲ್ವೋ?"

ದಸ್ತಗಿರ್ ನಕ್ಕುಬಿಟ್ಟ. "ಹಾಲಾ? ಸಮುದ್ರದಲ್ಲಾ? ಯಾರು ಹೇಳಿದ್ರು ಆಪಾ?"

"ಎಲ್ಲಾರೂ ಹೇಳ್ತಾರೆ."

"ಎಲ್ಲಾರೂ ಸೊರದ ಹೊಟ್ಟೆ ಕೊಯ್ದಿದಾರಾ? ಒಂದೊಂದು ಜಾತೀದು ಒಂದೊಂದು ನಡತೆ. ಒಂದಿದೆ, ಸಣ್ಣದು, ಸಮುದ್ರದ ತಳದಲ್ಲೇ ಬಿದ್ಕೊಂಡಿರ್ತದೆ. ಅದು ಚರ್ಮದ ಸಂಚಿ ಥರ ಮೊಟ್ಟೆ ಇಡ್ತದೆ. ಇಟ್ಟು ಹೋದ್ರೆ ಹೋಯ್ತು, ತಿರುಗಿ ನೋಡಲ್ಲ. ಇನ್ನೊಂದಿದೆ, ತಾಯಿ ಹೊಟ್ಟೆ ಒಳಗೇ ದೊಡ್ಡ ಮರಿ ಚಿಕ್ಕ ಮರಿಗಳನ್ನ ತಿಂದುಬಿಡ್ತದೆ."

"ತೌಬಾ ತೌಬಾ!"

"ಹುಲಿ ಸೊರ ಅಂತ ಅದೆ. ಆಮೆ, ಹಕ್ಕಿ, ತಗಡಿನ ಡಬ್ಬಿ, ಸಿಕ್ಕಿದ್ದೆಲ್ಲಾ ನುಂಗ್ತದೆ. ಎಲ್ಲಕ್ಕಿಂತ ದೊಡ್ಡದು ಬಸ್ಸಿನಷ್ಟು ಉದ್ದ, ಮೈಯೆಲ್ಲಾ ಚುಕ್ಕಿ. ಅದು ಪಾಪ, ಬಾಯಿ ತೆರ್ಕೊಂಡು ಹೋಗ್ತಾ ಸಣ್ಣ ಸಣ್ಣ ಹುಳ, ಮರಿಮೀನು ಸೋಸ್ಕೊಂಡು ತಿಂತದೆ. ಮನುಷ್ಯರ ತಂಟೆಗೇ ಬರಲ್ಲ."

"ಅವೆಲ್ಲಾ ಯಾಕೋ? ನಿನ್ನ ಕೈಯಲ್ಲಿರೋದರ ಮಾತು ಹೇಳು."

ದಸ್ತಗಿರ್ ಪೊಟ್ಟಣ ಕೆಳಗಿಟ್ಟ. "ಪಾಲಸೊರ ಮೊಟ್ಟೆ ಇಡಲ್ಲ, ಮರಿ ಹಾಕ್ತದೆ. ಅದು ನಿಜ. ಹೊಟ್ಟೇಲಿ ಮರಿಗೆ ನಮ್ಮಂಗೇ ಹೊಕ್ಕುಳ ಬಳ್ಳಿ ಇರ್ತದೆ, ನಾನೇ ಕೊಯ್ದಾಗ ನೋಡಿದೀನಿ. ಆದ್ರೆ ಆಪಾ, ಅದು ಹುಟ್ಟೋವಾಗಲೇ ಬಾಯಿತುಂಬ ಹಲ್ಲು. ಹುಟ್ಟಿದ ಗಳಿಗೇಲೇ ಈಜಿ ಹೋಗಿ ತನ್ನ ಬೇಟೆ ತಾನೇ ಹಿಡೀತದೆ. ತಾಯಿ ಎಲ್ಲೋ, ಮರಿ ಎಲ್ಲೋ. ಹಾಲೂ ಇಲ್ಲ, ಎದೇನೂ ಇಲ್ಲ."

"ಹಂಗಾದ್ರೆ ಇಷ್ಟು ವರ್ಷ ಬಾಣಂತೀರಿಗೆ ಅಂತ ಮಾರ್ಕೊಂಡು ತಿಂದ್ಯಲ್ಲೋ!"

"ಹಾಲು ಬರ್ತದೆ ಅಂತ ನಾನು ಯಾವತ್ತು ಹೇಳ್ದೆ? ಬಂದು ಕೇಳ್ತಾರೆ, ತೂಕ ಮಾಡಿ ಕೊಡ್ತೀನಿ."

ಮೂಲೆಯ ಚಾಪೆಯ ಮೇಲಿದ್ದ ಅಜೀಜಾ ಕೈ ಚಾಚಿದಳು.

"ಅಮ್ಮೀ, ನನ್ನ ಮಗೂಗೆ ಹಲ್ಲಿಲ್ಲ. ಈಜೋಕೂ ಬರಲ್ಲ. ಕೊಡು ಇಲ್ಲಿ."

ಹಮೀದಾ ಮಗಳ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ತಮ್ಮನಿಗೆ "ಆಚೆ ಹೋಗಿ ಕೂತ್ಕೋ" ಎಂದು ಗದರಿ, ಮಗುವನ್ನು ತಾನೇ ಎತ್ತಿ ಮಗಳ ಮಡಿಲಿಗೆ ಕೊಟ್ಟಳು.

ಮಗು ಮೊದಲು ಬಾಯಿ ತೆರೆಯಲಿಲ್ಲ. ಅನಸೂಯಮ್ಮ ಅದರ ಅಂಗಾಲು ಕೆರೆದರು, ಕೆನ್ನೆಯನ್ನು ಎದೆಗೆ ತಾಗಿಸಿದರು. ಅದು ಕುಂಯ್ ಎಂದಿತು, ಬಿಟ್ಟಿತು, ಮತ್ತೆ ಹುಡುಕಿತು. "ಹಿಡೀಲಿಲ್ಲ ಅಂದ್ರೆ ಈಗಲೇ ಆಸ್ಪತ್ರೆಗೆ ಹೊರಡೋಣ" ಎಂದು ಅವರು ಹೇಳುತ್ತಿರುವಾಗಲೇ ಮಗು ಗಟ್ಟಿಯಾಗಿ ಹಿಡಿಯಿತು. ಅಜೀಜಾ ಹಲ್ಲು ಕಚ್ಚಿ ನೋವು ತಡೆದಳು. ಮಗುವಿನ ಗಂಟಲು ಆಡುವುದು ಎಲ್ಲರಿಗೂ ಕಂಡಿತು.

"ಹಾಲು ಬರಿಸೋದು ಮಗೂನ ಬಾಯಿ ಹಮೀದಮ್ಮ. ಎಷ್ಟು ಸಲ ಚೀಪ್ತದೋ ಅಷ್ಟು ಊರ್ತದೆ. ಚೀಪದೆ ಇದ್ರೆ ಬತ್ತಿ ಹೋಗ್ತದೆ."

"ಈ ಮೀನು ಏನು ಮಾಡ್ಲಿ, ಬಿಸಾಕ್ಲಾ?"

"ಬಿಸಾಕ್ತೀರಾ? ಚೆನ್ನಾಗಿ ನೆನೆಸಿ ಉಪ್ಪು ಬಿಡಿಸಿ, ಸೊಪ್ಪಿನ ಜೊತೆ ಸಾರು ಮಾಡಿ. ಹೆತ್ತ ಮೈಗೆ ಬಲ ಬರ್ತದೆ. ಮಗೂನ ಮಾತ್ರ ಮೀನಿಗೋಸ್ಕರ ಕಾಯಿಸಬೇಡಿ."

ಸಂಜೆ ದಸ್ತಗಿರ್ ಬಸ್ಸಿಗೆ ಹೊರಡುವಾಗ ಒಳಗಿನಿಂದ ಮಗುವಿನ ಅಳು ಬೀದಿಯ ತನಕ ಕೇಳಿಸಿತು. ಹಮೀದಾ ಅವಸರದಿಂದ ಒಳಗೆ ಹೋಗಿ ಬಟ್ಟೆ ಮುಟ್ಟಿ ನೋಡಿದಳು. ಒದ್ದೆಯಾಗಿತ್ತು. ಅವಳು ಆ ಒದ್ದೆ ಬಟ್ಟೆಯನ್ನು ಹೊರಗೆ ತಂದು ತಮ್ಮನಿಗೆ ತೋರಿಸಿದಳು.

ಇದನ್ನು ಓದುತ್ತಿರುವ ಅಜ್ಜಿಯರೇ, ಅತ್ತೆಯರೇ, ತಾಯಂದಿರೇ, ನಿಮ್ಮ ಮನೆಯ ಬಾಣಂತಿಗೆ ಒಳ್ಳೆಯ ಊಟ ಕೊಡಿ. ಮೀನು ತಿನ್ನುವವರು ಮೀನು, ತಿನ್ನದವರು ಬೇಳೆ, ಸೊಪ್ಪು, ಹಾಲು ಕೊಡಿ. ಆದರೆ ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಬಿಡಿ. ಹಳದಿ ಹಾಲಿನ ಒಂದು ತೊಟ್ಟನ್ನೂ ಚೆಲ್ಲಬೇಡಿ. ಸಕ್ಕರೆ ನೀರು, ಜೇನುತುಪ್ಪ, ಕತ್ತೆ ಹಾಲು ಬೇಡ. ಮಗು ಎದೆ ಹಿಡಿಯದೆ ನಿದ್ದೆಯಲ್ಲೇ ಇದ್ದರೆ ಜಾಣ ಮಗು ಎಂದು ಹೊಗಳುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಮ್ಮ ಹೊಟ್ಟೆ ತಾವೇ ನೋಡಿಕೊಳ್ಳಲು ನಮ್ಮ ಮಕ್ಕಳಿಗೆ ಬರುವುದಿಲ್ಲ. ನಾವೇ ನೋಡಬೇಕು.