ಡೆಕ್ಕಿನೊಳಗಿನ ಅರಿಶಿನ

ಕಾರು ಬಂದು ಅಂಗಡಿಯ ಮುಂದೆ ನಿಂತಾಗ ರಾಮಾಂಜಿನಪ್ಪ ಮೊದಲು ನೋಡಿದ್ದು ನಂಬರ್ ಪ್ಲೇಟನ್ನು. ಹನ್ನೆರಡು ವರ್ಷದಿಂದ ತಲೆಯೊಳಗೆ ಮೊಳೆಯಂತೆ ನೆಟ್ಟಿದ್ದ ನಂಬರು ಅದು. ಬಿಳಿ ಅಂಬಾಸಡರ್. ದೊಡ್ಡಮನೆಯ ಕಾರು.

ಇಳಿದವನು ದೊಡ್ಡಮನೆಯ ಮಗ ಲಕ್ಷ್ಮೀಪತಿ. ಬೆಂಗಳೂರಿನ ಹಾಸ್ಟೆಲಿನಲ್ಲಿ ಬೆಳೆದವನು. ಶಿಡ್ಲಘಟ್ಟದ ಈ ಕಾರ್ ಎಲೆಕ್ಟ್ರಿಷಿಯನ್ ತನ್ನೂರಿನ ಕೇರಿಯವನೇ, ಎಂಬತ್ತಾರರಲ್ಲಿ ತಾಯಿಯನ್ನು ಕರೆದುಕೊಂಡು ಊರು ಬಿಟ್ಟವನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೈಯಲ್ಲಿ ತಟ್ಟೆಯಗಲದ ಹೊಸ ಸೀಡಿ ಪ್ಲೇಯರ್ ಇತ್ತು. ಅದರಿಂದ ಒಂದು ವೈರು, ವೈರಿನ ತುದಿಯಲ್ಲಿ ಕ್ಯಾಸೆಟ್ಟಿನ ಆಕಾರದ ಅಡಾಪ್ಟರು.

"ಇದನ್ನ ಕ್ಯಾಸೆಟ್ ಥರ ಡೆಕ್ಕಿಗೆ ತೂರಿಸಿದ್ರೆ ಸೀಡಿ ಹಾಡು ಕಾರಿನ ಸ್ಪೀಕರಲ್ಲಿ ಬರ್ತದಂತೆ ಅಣ್ಣ. ಆದ್ರೆ ಡೆಕ್ಕಲ್ಲಿ ಯಾವುದೋ ಹಳೇ ಕ್ಯಾಸೆಟ್ ಸಿಕ್ಕಾಕ್ಕೊಂಡಿದೆ. ಕಿತ್ತು ಬಿಸಾಕಿ."

"ಇಷ್ಟು ವರ್ಷ ಯಾಕೆ ತೆಗಿಸಲಿಲ್ಲ?"

"ಅಪ್ಪ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ಲಕ್ವ ಹೊಡೆದು ಬಾಯಿ ಬಿದ್ದೋಗಿದೆ, ಬೇಡ ಅನ್ನೋರಿಲ್ಲ." ಅವನು ನಕ್ಕ. "ನಮ್ಮಮ್ಮ ಈ ಕಾರೇ ಹತ್ತಲ್ಲ. ಹಳ್ಳಕ್ಕೆ ಇಳಿದಾಗ ಒಂದೊಂದ್ಸಲ ಸ್ಪೀಕರಲ್ಲಿ ಯಾರೋ ಗಂಟಲು ಸರಿಮಾಡ್ಕೊಂಡಂಗೆ ಕೇಳ್ಸತ್ತೆ. ದೆವ್ವ ಅಂತಾಳೆ."

"ಕೂತ್ಕೊಳಿ. ಟೀ ಕುಡೀರಿ," ಅಂದ ರಾಮಾಂಜಿನಪ್ಪ.

ಅವನ ಅಣ್ಣ ಬಯ್ಯಪ್ಪ ಪದ ಕಟ್ಟಿ ಹಾಡುತ್ತಿದ್ದ. ದೊಡ್ಡಮನೆಯವರು ಬೇಲಿ ಸುತ್ತಿಕೊಂಡಿದ್ದ ಕೆರೆಯಂಗಳದ ಮೇಲೆ ಕಟ್ಟಿದ ಪದವನ್ನು ಗುಡಿಸಲಿನಲ್ಲೇ ಕೂತು, ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ತುಂಬಿದ್ದ. ಮರುದಿನ ಸಂಜೆ ಕೇರಿಯ ತುದಿಯಲ್ಲಿ ಈ ಕಾರು ನಿಂತಿತು. 'ನಿನ್ನ ಪದ ನಾವೂ ಕೇಳೋಣ, ಹತ್ತೋ' ಎಂದು ಒಳಗಿನಿಂದ ಧಣಿ, ಈ ಲಕ್ಷ್ಮೀಪತಿಯ ಅಪ್ಪ, ಕರೆದ. ಬಯ್ಯಪ್ಪ ಕ್ಯಾಸೆಟ್ ಹಿಡಿದು ಹತ್ತಿದ್ದನ್ನು ತಾಯಿ ಕದಿರಮ್ಮ ಬಾಗಿಲಲ್ಲಿ ನಿಂತು ನೋಡಿದ್ದಳು. ಮೂರನೆಯ ದಿನ ಕಲ್ಲುಕ್ವಾರಿಯ ನೀರಿನಲ್ಲಿ ಹೆಣ ತೇಲಿತು. ಕುಡಿದು ಬಿದ್ದ ಅಂದರು. ಕದಿರಮ್ಮ ಕಾರಿನ ಮಾತೆತ್ತಿದಾಗ ಸ್ಟೇಷನ್ನಿನಲ್ಲಿ ಕೂತಿದ್ದವರೆಲ್ಲ ನಕ್ಕರು. "ಕೇರಿಯೋನ್ನ ದೊಡ್ಡಮನೆಯೋರು ಕಾರಲ್ಲಿ ಕೂರಿಸ್ಕೊಂತಾರೇನಮ್ಮ? ಅವರ ಜಗಲೀನೇ ನೀನು ಹತ್ತಿಲ್ಲ." ಶತಮಾನಗಳ ಹೇಸಿಗೆಯೇ ಆ ಮನೆಯ ಪರವಾಗಿ ಸಾಕ್ಷಿ ಹೇಳಿತ್ತು. ಕೇಸು ಆ ನಗುವಿನಲ್ಲೇ ಮುಚ್ಚಿಹೋಯಿತು. ಆಮೇಲೆ ಕದಿರಮ್ಮ ಯಾರೆದುರೂ ಆ ಮಾತು ಆಡಲಿಲ್ಲ. ತನ್ನ ಕಣ್ಣೇ ತನಗೆ ಸುಳ್ಳು ಹೇಳಿತೇನೋ ಎಂದು ಒಬ್ಬಳೇ ಕೂತಾಗ ಗೊಣಗುವಳು.

ರಾಮಾಂಜಿನಪ್ಪ ಡೆಕ್ಕನ್ನು ಡ್ಯಾಶ್‌ಬೋರ್ಡಿನಿಂದ ಅರ್ಧ ಎಳೆದು ಮೇಲಿನ ತಗಡು ಬಿಚ್ಚಿದ. ಸಿಕ್ಕಿಕೊಂಡ ಕ್ಯಾಸೆಟ್ಟನ್ನು ಅವನು ಎಂದೂ ಕೀಳುತ್ತಿರಲಿಲ್ಲ. ಕಿತ್ತರೆ ಟೇಪು ಹರಿಯುತ್ತದೆ. ಮೊದಲು ಚಕ್ರ ಬಿಡಿಸಿ, ಅದು ಇದ್ದಲ್ಲೇ ಓಡುವಂತೆ ಮಾಡುವುದು ಅವನ ಪದ್ಧತಿ. ಬಗ್ಗಿ ನೋಡಿದ. ಚಕ್ರಗಳಿಗೆಲ್ಲ ತುಕ್ಕು. ತುಕ್ಕಿನ ಮೇಲೆ, ಸಂದಿಗೊಂದಿಯಲ್ಲೆಲ್ಲ ಒಣಗಿ ಹಕ್ಕಳೆಗಟ್ಟಿದ ಹಳದಿ. ಉಗುರಿನಿಂದ ಕೆರೆದು ಮೂಸಿದ. ವಾಸನೆ ಹೋಗಿತ್ತು, ಬಣ್ಣ ಹೋಗಿರಲಿಲ್ಲ.

"ಇದೇನು ಸಾರ್, ಒಳಗೆಲ್ಲ ಅರಿಶಿನ?"

ಪಕ್ಕದ ಓಬಳಮ್ಮನ ಟೀ ಅಂಗಡಿಯ ಬೆಂಚಿನಿಂದಲೇ ಲಕ್ಷ್ಮೀಪತಿ ಹೇಳಿದ, ನಾಲ್ಕು ಜನಕ್ಕೆ ಕೇಳುವಂತೆ. "ಅದಾ? ನಮ್ಮಜ್ಜಿ ಕೆಲಸ. ನಾನಾಗ ಐದನೇ ಕ್ಲಾಸು. ಯಾರೋ ಕೇರಿಯೋನು ಕಾರಲ್ಲಿ ಕೂತಿದ್ನಂತೆ. ಬೆಳಗಾಗೋ ಹೊತ್ಗೆ ಅಜ್ಜಿ ಬಿಂದಿಗೆಗಟ್ಲೆ ಅರಿಶಿನದ ನೀರು, ಗಂಜಲ ಕಲಸಿ ಸೀಟು, ಸ್ಟೀರಿಂಗು ಎಲ್ಲದರ ಮೇಲೂ ಹುಯ್ದು ಮಡಿ ಮಾಡಿದ್ಲು. ಆವತ್ತೇ ಡೆಕ್ಕು ಕೆಟ್ಟಿದ್ದು. ಹಳೇ ಕಾಲದೋರು ಅಣ್ಣ, ಏನ್ ಮಾಡೋದು."

"ಕೇರಿಯೋನು ಯಾಕಪ್ಪ ಕೂತಿದ್ದ ನಿಮ್ಮ ಕಾರಲ್ಲಿ?" ಓಬಳಮ್ಮ ಲೋಟ ತೊಳೆಯುತ್ತ ಕೇಳಿದಳು.

"ಯಾರಿಗ್ಗೊತ್ತು. ಹೆಸರು ಏನೋ ಬಯ್ಯನೋ, ಗಿಯ್ಯನೋ."

ರಾಮಾಂಜಿನಪ್ಪ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ ಹೆಡ್ ಒರೆಸಿದ. ಒಂದೊಂದು ಚಕ್ರಕ್ಕೆ ಒಂದೊಂದು ಹನಿ ಎಣ್ಣೆ ಬಿಟ್ಟ. ಹಳದಿ ಹಕ್ಕಳೆಯನ್ನು ಮಾತ್ರ ಮುಟ್ಟಲಿಲ್ಲ. ಕ್ಯಾಸೆಟ್ಟನ್ನೂ ತೆಗೆಯಲಿಲ್ಲ. ತೆಗೆದರೆ ಅದು ಎಲ್ಲೋ ಸಿಕ್ಕ ಹಳೇ ಕ್ಯಾಸೆಟ್ಟು. ಇಲ್ಲಿದ್ದರೆ ಮಾತ್ರ ಅದಕ್ಕೆ ನಾಲಗೆ.

ಅಷ್ಟರಲ್ಲಿ ಕದಿರಮ್ಮ ಊಟದ ಕ್ಯಾರಿಯರ್ ಹಿಡಿದು ಬಂದಳು. ಬಂದವಳು ಕಾರು ನೋಡಿ ರಸ್ತೆಯಲ್ಲೇ ನಿಂತಳು.

"ಯಾರ್ದೋ ಇದು?"

"ಅದೇ ಕಣಮ್ಮ. ಬಾ ಇಲ್ಲಿ."

ಅವನು ಕೀ ತಿರುಗಿಸಿ ಗುಂಡಿ ಒತ್ತಿದ. ನಾಲ್ಕು ಸ್ಪೀಕರಿನಲ್ಲೂ ಗರಗರ. ಯಾರೋ ಗಂಟಲು ಸರಿಮಾಡಿಕೊಂಡರು. ತಮಟೆ ಎರಡು ಪೆಟ್ಟು. ನೀರಿನಡಿಯಿಂದ ಎದ್ದು ಬಂದಂತೆ, ಎಳೆದೆಳೆದು, ಬಯ್ಯಪ್ಪ ಹಾಡತೊಡಗಿದ.

*ಕೆರೆಯಂಗಳ ಯಾರ್ದಣ್ಣ, ಕೆಸರ ತುಳಿದೋರ್ದಣ್ಣ...*

ಓಬಳಮ್ಮನ ಕೈಯಲ್ಲಿ ಲೋಟ ನಿಂತಿತು. ಹಾಡಿನ ನಡುವೆ, ದೂರದಿಂದ, ಒಂದು ಹೆಣ್ಣುದನಿ ಕರೆಯಿತು: "ಬಾರೋ ಬಯ್ಯಣ್ಣ, ಮುದ್ದೆ ಆರೋಗ್ತೈತೆ ನಾಯನಾ." ಹಾಡು ನಿಲ್ಲಿಸಿ ಬಯ್ಯಪ್ಪ ಹೇಳಿದ: "ಬಂದೆ ಕಣಮ್ಮ. ಇದೊಂದು ಮುಗೀಲಿ."

ಕದಿರಮ್ಮ ತನ್ನದೇ ದನಿಯನ್ನು ಕೇಳಿಸಿಕೊಂಡಳು. ಅಳಲಿಲ್ಲ. ಕ್ಯಾರಿಯರನ್ನು ನೆಲದ ಮೇಲಿಟ್ಟಳು.

ಲಕ್ಷ್ಮೀಪತಿ ಎದ್ದು ಬಂದ. ಮುಖದ ಮೇಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಸೊಟ್ಟಗಾಗಿತ್ತು. "ಇದು... ಯಾರು?"

"ಗಿಯ್ಯ," ಅಂದ ರಾಮಾಂಜಿನಪ್ಪ. "ನಮ್ಮಣ್ಣ. ನಿಮ್ಮ ಕಾರು ಹತ್ತೇ ಇಲ್ಲ ಅಂತ ನಿಮ್ಮಪ್ಪ ಸ್ಟೇಷನ್ನಿಗೆ ಬರೆದುಕೊಟ್ಟಿದಾರೆ. ಹತ್ತದೇ ಇದ್ರೆ ನಿಮ್ಮಜ್ಜಿ ಯಾರನ್ನ ತೊಳೆದ್ರು?"

"ನನಗೆ ಗೊತ್ತಿರಲಿಲ್ಲ ಅಣ್ಣ. ಆಫ್ ಮಾಡಿ. ಕಾರು ಕೊಟ್ಬಿಡಿ, ಹೋಗ್ತೀನಿ."

ಕದಿರಮ್ಮ ಅವನನ್ನು ಬಳಸಿಕೊಂಡು ಹೋದಳು. ಹಿಂಬಾಗಿಲು ತೆರೆದಳು. ಸೀಟಿನ ಮೇಲೆ ಒಮ್ಮೆ ಅಂಗೈ ಆಡಿಸಿ, ಸೆರಗು ಸರಿಮಾಡಿಕೊಂಡು, ಒಳಗೆ ಕೂತಳು. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟೇ ಕೂತಳು.

"ಅಜ್ಜಿ, ಇಳೀರಿ..."

"ನಾನು ಇಳಿಯಲ್ಲಪ್ಪ. ನೀನು ಈಗ ಇಲ್ಲಿ ಹೇಳಿದ ಮಾತು ಸ್ಟೇಷನ್ನಲ್ಲೂ ಹೇಳ್ಬೇಕು. ಆವತ್ತು ನಕ್ಕೋರು ಯಾರಾದ್ರೂ ಉಳಿದಿದಾರಾ ನೋಡಣ."

"ಹೇಳಿದಾನೆ, ನಾನೂ ಕೇಳಿದೀನಿ," ಅಂತ ಓಬಳಮ್ಮ ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತ ಬಂದು ಇನ್ನೊಂದು ಕಡೆಯ ಬಾಗಿಲಿಗೆ ಕೈ ಹಾಕಿದಳು.

"ಅಲ್ಲಿ ಬೇಡ ಓಬಳಿ," ಅಂದಳು ಕದಿರಮ್ಮ. "ಮುಂದೆ ಕೂತ್ಕೊ."

ರಾಮಾಂಜಿನಪ್ಪ ಬಿಚ್ಚಿದ ತಗಡನ್ನು ಹಾಗೇ ಬಿಟ್ಟು ಸ್ಟೀರಿಂಗಿನ ಮುಂದೆ ಕೂತ. ಅಡಾಪ್ಟರು ಬೆಂಚಿನ ಮೇಲೆ ಟೀ ಲೋಟದ ಪಕ್ಕ ಬಾಲ ಇಳಿಬಿಟ್ಟುಕೊಂಡು ಬಿದ್ದಿತ್ತು. ಲಕ್ಷ್ಮೀಪತಿ ಅದನ್ನು ನೋಡಿದ, ರಸ್ತೆ ನೋಡಿದ, ಸುತ್ತ ನೆರೆದಿದ್ದ ಜನರನ್ನು ನೋಡಿದ. ಆಮೇಲೆ ಮುಂಬಾಗಿಲು ತೆರೆದು ಓಬಳಮ್ಮನ ಪಕ್ಕ ಮುದುರಿ ಕೂತ.

"ಎಷ್ಟು ಬಿಂದಿಗೆ ಹುಯ್ತೀರೋ ಆಮೇಲೆ ಹುಯ್ಕೊಳಿ," ಅಂದಳು ಕದಿರಮ್ಮ. "ಓಡಿಸೋ. ಅವನದು ಇನ್ನೂ ಮುಗಿದಿಲ್ಲ."