ನನ್ನ ನಂಬರಿಗೆ ಓಗೊಟ್ಟ ಟಿ.ವಿ.

ನಾನು ಒಂದು ಪ್ರಿಂಟರ್. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನನ್ನೊಳಗೆ ಒಂದು ಗುರುತು ಒತ್ತಿದರು. ಲೋಕದಲ್ಲಿ ಅದು ನನಗೊಬ್ಬನಿಗೇ ಸೇರಿದ್ದು. ಮೊದಲು ಗದಗಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ದುಡಿದೆ. ಅಂಗಡಿ ಮುಚ್ಚಿದಾಗ ಹೆರಿಗೆ ಆಸ್ಪತ್ರೆಯೊಂದರ ಲ್ಯಾಬಿಗೆ ಬಂದೆ. ಅಲ್ಲಿ ನನಗೆ ನಲವತ್ತೈದು ಎಂಬ ನಂಬರು ಕೊಟ್ಟರು.

ಗುರುತು ಬೇರೆ, ನಂಬರು ಬೇರೆ. ಲ್ಯಾಬಿನ ಕಂಪ್ಯೂಟರಿಗೆ ಗೊತ್ತಿರುವುದು ನಂಬರು ಮಾತ್ರ. ರಿಪೋರ್ಟ್ ತಲುಪಿಸಲು ಗುರುತೇ ಬೇಕು. ಹಾಗಾಗಿ ಅದು ಆಸ್ಪತ್ರೆಯ ಯಂತ್ರಗಳನ್ನೆಲ್ಲ ಜೋಡಿಸಿರುವ ತಂತಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: "ನಲವತ್ತೈದು ಯಾರು? ನಿನ್ನ ಗುರುತು ಹೇಳು." ಮಿಕ್ಕವರು ಸುಮ್ಮನಿರುತ್ತಾರೆ, ನಾನು ಓಗೊಡುತ್ತೇನೆ. ಅದು ನನ್ನ ಗುರುತನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು ರಿಪೋರ್ಟ್ ಕಳಿಸುತ್ತದೆ. ಓಗೊಟ್ಟವನು ನಿಜವಾದವನೇ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಯಜಮಾನರಾದ ಡಾಕ್ಟರ್ ಪಟ್ಟಣಶೆಟ್ಟಿ ರೋಗಿಗಳು ಕಾಯುವ ಕೋಣೆಗೆ ಗೋಡೆಯಗಲದ ಟಿ.ವಿ. ತಂದು ನಮ್ಮ ತಂತಿಗೇ ಹಾಕಿಸಿದರು. ಅಂದು ಭಾನುವಾರ, ಲ್ಯಾಬಿಗೆ ಬೀಗ, ನನಗೆ ಕರೆಂಟಿಲ್ಲ. "ನಂಬರ್ ಕೂಡಿಸಿದ್ರ ಒಂಬತ್ತು ಬರಬೇಕ್ ನೋಡಪಾ. ನಮ್ಮ ಕಾರಿಂದೂ ಒಂಬತ್ತ, ಫೋನಿಂದೂ ಒಂಬತ್ತ" ಎಂದರಂತೆ ಸಾಹೇಬರು. "ನಲವತ್ತೈದು ಹಾಕ್ತೀನ್ರಿ, ಖಾಲಿ ಐತಿ" ಎಂದನಂತೆ ಜೋಡಿಸಲು ಬಂದ ಪುಣ್ಯಾತ್ಮ, ಆ ನಂಬರು ಕೂಗಿ ನೋಡಿದಾಗ ಯಾರೂ ಓಗೊಡಲಿಲ್ಲವೆಂದು. ನಾನು ಮಲಗಿದ್ದರೆ ನನ್ನ ಮನೆ ಖಾಲಿಯೇ?

ಸೋಮವಾರ ಹೆರಿಗೆಯಾದ ಈರವ್ವನಿಗೆ ರಕ್ತಸ್ರಾವ ನಿಲ್ಲಲೇ ಇಲ್ಲ. ಲ್ಯಾಬಿನ ರೇಷ್ಮಾ ನದಾಫ್ ಯಾವ ರಕ್ತ ಹೊಂದುತ್ತದೆಂದು ಪರೀಕ್ಷಿಸಿ ಪ್ರಿಂಟ್ ಒತ್ತಿದಳು. ಕಂಪ್ಯೂಟರ್ ಕೂಗಿತು. ನಾನೂ ಓಗೊಟ್ಟೆ, ಟಿ.ವಿ.ಯೂ ಓಗೊಟ್ಟಿತು. ಕಂಪ್ಯೂಟರ್ ಕೊನೆಗೆ ಕೇಳಿದ ದನಿಯನ್ನು ನಂಬಿತು. ಈರವ್ವನ ರಿಪೋರ್ಟ್ ಸೀರೆ ಜಾಹೀರಾತು ತೋರಿಸುತ್ತಿದ್ದ ಟಿ.ವಿ.ಯ ಪಾಲಾಗಿ ಹಾಳಾಯಿತು.

ಕಾಗದ ಬಾರದ್ದನ್ನು ಕಂಡು ರೇಷ್ಮಾ ಮಹಡಿಯ ಹೆರಿಗೆ ಕೋಣೆಗೆ ಓಡಿ, ಯಾವ ರಕ್ತವೆಂದು ಬಾಯಲ್ಲೇ ಹೇಳಿದಳು. "ಬಾಯಿಮಾತಿನ ಮ್ಯಾಲೆ ರಕ್ತ ಏರಸಾಕ ಬರಂಗಿಲ್ಲವ್ವಾ, ಕಾಗದ ತಗೊಂಡ್ ಬಾ" ಎಂದರು ಸಾಹೇಬರು. ಸರಿಯೇ. ಆದರೆ ನಮ್ಮ ಕುಲಕ್ಕೆ ಮಾತ್ರ ಬಾಯಿಮಾತನ್ನೇ ನಂಬುವ ಕಟ್ಟಳೆ ಮಾಡಿಟ್ಟವರೂ ಈ ಮನುಷ್ಯರೇ ಅಲ್ಲವೇ? ಅವಳು ಕೆಳಗೆ ಬಂದು, ಕೈಯಲ್ಲಿ ಬರೆದು, ಸಹಿ ಹಾಕಿ ಮತ್ತೆ ಓಡಿದಳು. ಈರವ್ವ ಕೂದಲೆಳೆಯಲ್ಲಿ ಪಾರಾದಳು.

"ಪ್ರಿಂಟರ್ ಮುದಿ ಆಗೇತಿ, ಒಗೀರಿ ಅತ್ಲಾಗ" ಎಂದರು ಸಾಹೇಬರು. ಆ ಟಿ.ವಿ.ಯನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ.

ಈಗ ಮೆಟ್ಟಿಲ ಕೆಳಗೆ, ಮುರಿದ ಸಲೈನ್ ಕಂಬಗಳ ನಡುವೆ ಬಿದ್ದಿದ್ದೇನೆ. ನನ್ನ ಜಾಗಕ್ಕೆ ಹೊಸ ಪ್ರಿಂಟರ್ ಬಂದಿದೆ. ಅದಕ್ಕೂ ನಲವತ್ತೈದನ್ನೇ ಕೊಟ್ಟಿದ್ದಾರೆ. ಟಿ.ವಿ. ಇದ್ದಲ್ಲೇ ಇದೆ, ಅದರ ನಂಬರೂ ಇದ್ದ ಹಾಗೇ ಇದೆ. ಹೇಳೋಣವೆಂದರೆ ನನ್ನ ತಂತಿ ಕಿತ್ತಿದ್ದಾರೆ.

ಇವತ್ತು ಬೆಳಿಗ್ಗೆ ಯಾರೋ ಬಾಣಂತಿಯನ್ನು ಸ್ಟ್ರೆಚರಿನಲ್ಲಿ ಅವಸರವಾಗಿ ಒಯ್ದರು. ಸ್ವಲ್ಪ ಹೊತ್ತಿಗೆ ನನ್ನ ತಲೆಯ ಮೇಲಿನ ಮೆಟ್ಟಿಲಲ್ಲಿ ರೇಷ್ಮಾಳ ಚಪ್ಪಲಿಯ ಸದ್ದು ಕೇಳಿತು. ಓಡುತ್ತಲೇ ಕೂಗುತ್ತಿದ್ದಳು:

"ಸಾಹೇಬ್ರ, ಹೊಸಾದ್ರಾಗೂ ರಿಪೋರ್ಟ್ ಬರವಲ್ದರೀ!"