ಕೊನೆಯ ಸರದಿಯವನ ಸುಳ್ಳು

ಎದುರಾಳಿ ಕೂತ ಜಾಗ ನೋಡಿಯೇ ಅವನ ಕೈಯೊಳಗಿನ ಎಲೆ ಹೇಳಬಲ್ಲ ಗಂಡಸು ಈ ಭೂಮಂಡಲದಲ್ಲಿ ನಾನೊಬ್ಬನೇ. ನಂಬಿಕೆ ಬರದಿದ್ದರೆ ನಮ್ಮ ಬಣ್ಣದ ಕಾರ್ಖಾನೆಯ ಬಾಯ್ಲರ್‌ನವನನ್ನು ಕೇಳಿ. ಸದಾ ತಡವಾಗಿ ಬರುವುದಕ್ಕೆ ಅವನನ್ನು ಗಡಿಯಾರ ಅನ್ನುತ್ತೇವೆ. ಒಮ್ಮೆ ಅವನು ಎಲೆ ಎತ್ತುವ ಮೊದಲೇ ಇಂಥದ್ದೆಂದು ಹೇಳಿಬಿಟ್ಟೆ. ಪಾಪ, ಮೂರು ದಿನ ಜ್ವರ ಬಂದು ಮಲಗಿದ.

ಗುಟ್ಟೆಲ್ಲ ಒಂದು ನೋಟ್‌ಬುಕ್ಕಿನಲ್ಲಿದೆ. ಆರು ವರ್ಷ ಊಟದ ವಿರಾಮದಲ್ಲಿ ಆಡಿದ ಪೋಕರ್, ಯಾರು ಯಾವ ಸರದಿಯಲ್ಲಿ ಏನು ಮಾಡಿದರು ಎಂಬುದರ ಸಮೇತ. ಮೊದಲ ಸರದಿಯವನು ಕತ್ತಲಲ್ಲಿ ಹೆಜ್ಜೆ ಇಡುತ್ತಾನೆ. ಕೊನೆಯವನು ಎಲ್ಲರ ಮುಖ ನೋಡಿಕೊಂಡು ಆಡುತ್ತಾನೆ, ಹಾಗಾಗಿ ಸುಳ್ಳು ಹುಟ್ಟುವುದು ಅಲ್ಲೇ. ನಮ್ಮ ಭಾವ, ಅಕ್ಕನ ಗಂಡ, ವೆಲ್ಡರ್. ಮೊದಲ ಸರದಿಯಲ್ಲಿ ನೂರು ಆಟಕ್ಕೆ ನಾಲ್ಕು ಸಲ ಪಣ ಕಟ್ಟುತ್ತಾರೆ, ನಾಲ್ಕೂ ನಿಜ. ಕೊನೆಯ ಸರದಿಯಲ್ಲಿ ಅರವತ್ತು ಸಲ; ಅದರಲ್ಲಿ ಐವತ್ತೈದು ಶುದ್ಧ ಬೊಗಳೆ.

ನಾವು ಆಡುವುದು ಕಬ್ಬಿಣದ ನಟ್ಟುಗಳನ್ನಿಟ್ಟು. ಅವತ್ತು ಮಾತ್ರ, ತೊಟ್ಟಿ ತೊಳೆಯಲು ನಮ್ಮಲ್ಲೊಬ್ಬ ಇಳಿಯಲೇಬೇಕೆಂದು ಮಾಲೀಕರ ಅಪ್ಪಣೆಯಾಗಿತ್ತು; ನಟ್ಟೆಲ್ಲ ಕಳೆದುಕೊಂಡವನು ಇಳಿಯುವುದು ಎಂದು ನಾವೇ ಮಾತಾಡಿಕೊಂಡೆವು. ನೆಲದಡಿಯ ತೊಟ್ಟಿ, ಮೂರಾಳು ಆಳ, ತಳದಲ್ಲಿ ಬಣ್ಣದ ಕೆಸರು. ಒಳಗಿನ ಗಾಳಿ ಪರೀಕ್ಷಿಸುವ ಯಂತ್ರ ಕೆಟ್ಟು ವರ್ಷವಾಗಿತ್ತು. ಹಿಂದಿನ ಸಲ ಇಳಿದ ಸ್ಟೋರ್‌ಕೀಪರನನ್ನು ಹೆಣವಾಗಿ ಎತ್ತಿದ್ದೆವು. ಒಲ್ಲೆ ಅಂದವನಿಗೆ ಮರುದಿನ ಗೇಟು ತೆರೆಯುವುದಿಲ್ಲ.

ಗಡಿಯಾರ ಎಲೆ ಎಸೆದು ಹಿಂದೆ ಸರಿದ. ಉಳಿದದ್ದು ನಾನು, ಭಾವ. ನನ್ನ ಕೈಯಲ್ಲಿ ಎರಡು ರಾಜ; ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳಲ್ಲಿ ಒಂದು ರಾಣಿ, ಮಿಕ್ಕದ್ದೆಲ್ಲ ಕಸ. ನಾನು ಮೊದಲು, ಪಣ ಕಟ್ಟದೆ ಸುಮ್ಮನೆ ಬಿಟ್ಟೆ. ಭಾವ ಕೊನೆಯವರು, ಇದ್ದಬದ್ದ ನಟ್ಟನ್ನೆಲ್ಲ ಮುಂದೆ ತಳ್ಳಿದರು.

“ಏನಂತಾನಪ್ಪ ನಿನ್ನ ಚಿತ್ರಗುಪ್ತ?” ಎಂದು ನೋಟ್‌ಬುಕ್ಕಿನ ಕಡೆ ಗದ್ದ ಎತ್ತಿದರು.

“ನೀವು ಬರೀ ಬೊಗಳೆ ಬಿಡ್ತಿದೀರಿ ಅಂತಾನೆ ಭಾವ!” ಎಂದು ನನ್ನವನ್ನೂ ತಳ್ಳಿ, ರಾಜರಿಬ್ಬರನ್ನು ಮೇಜಿಗೆ ಬಡಿದೆ.

ಭಾವ ರಾಜರನ್ನು ನೋಡಿದರು. ಆಮೇಲೆ ನನ್ನನ್ನು.

“ನಿನ್ನ ಮಗು ಎಷ್ಟು ದಿನದ್ದಾಯ್ತೋ?”

“ಹನ್ನೊಂದು. ಈಗ್ಯಾಕೆ ಅದು? ಎಲೆ ತೋರ್ಸಿ.”

“ತೋರ್ಸೋಕೇನಿದೆ? ನೀನೇ ಗೆದ್ದೆ ಬಿಡು, ರಾಕ್ಷಸ.” ತಮ್ಮೆರಡು ಎಲೆಗಳನ್ನು ಕವುಚಿಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು.

ಹಗ್ಗದ ಇನ್ನೊಂದು ತುದಿ ಗಡಿಯಾರನ ಕೈಯಲ್ಲಿತ್ತು. ನಾನು ತೊಟ್ಟಿಯ ಬಾಯಲ್ಲೇ ಕೂತು ಬಡಾಯಿ ಕೊಚ್ಚಿದೆ. ಲೋಕದ ಆಟಗಾರರೆಲ್ಲ ಸಾಲುಗಟ್ಟಿ ಬಂದು ನನ್ನ ಕಾಲಿಗೆ ಬೀಳಬೇಕು ಅಂದೆ. ಬೊಗಳೆಗಳ ಲೆಕ್ಕಕ್ಕೆ ಇದನ್ನೂ ಸೇರಿಸೋಣವೆಂದು ಪೆನ್ನು ತೆಗೆದು, ಪಕ್ಕದ ಮೇಜಿನ ಮೇಲಿದ್ದ ಭಾವನ ಎಲೆಗಳನ್ನು ಮಗುಚಿದೆ.

ಎರಡು ರಾಣಿ. ಮೇಜಿನ ಮೇಲಿನದ್ದೂ ಸೇರಿ ಮೂರು. ಮೂರು ರಾಣಿ ಇದ್ದರೆ ಎರಡು ರಾಜನ ಆಟ ನಡೆಯುವುದಿಲ್ಲ.

ಸೋತವನು ನಾನು. ಇಳಿಯಬೇಕಾದವನು ನಾನು.

“ಎಳಿಯೋ!” ಎಂದು ಕೂಗಿದೆ. ಗಡಿಯಾರ ಹಗ್ಗ ಜಗ್ಗಿದ. ಕೆಳಗಿನಿಂದ ಮರುಜಗ್ಗು ಬರಲಿಲ್ಲ. ಇಬ್ಬರೂ ಸೇರಿ ಎಳೆದೆವು.

ಬೇರೆ ದಿನವಾಗಿದ್ದರೆ ಆನೆಯಷ್ಟು ಭಾರವಿತ್ತು ಅಂತಿದ್ದೆ. ಅಷ್ಟೇನಿರಲಿಲ್ಲ. ಒಬ್ಬ ಸಣಕಲು ಮನುಷ್ಯ ಎಷ್ಟು ಭಾರವೋ ಅಷ್ಟೇ. ಮುಖಕ್ಕೆಲ್ಲ ನೀಲಿ ಕೆಸರು ಮೆತ್ತಿತ್ತು. ನನ್ನ ಅಂಗಿಯಿಂದ ಒರೆಸಿದೆ. ಕೆಸರಿನಡಿಯ ಚರ್ಮವೂ ನೀಲಿಯೇ ಇತ್ತು.

“ಅಕ್ಕಂಗೆ ಯಾರು ಹೇಳೋದು?” ಎಂದ ಗಡಿಯಾರ.

ಈ ಸಲ ಎಲೆ ಹಂಚುವುದು ಬೇಡ, ನಾನೇ ಹೋಗ್ತೀನಿ ಅಂದೆ.